ಎಡಗಡೆ ಮುಂದಿನ ಚಕ್ರ

ಮಾವನಿಗೆ ಸುಳ್ಳು ಹೇಳಿ ಮನೆಯಿಂದ ಹೊರಟಿದ್ದು ಮದುವೆಯಾದ ಮೇಲೆ ಇದೇ ಮೊದಲು. "ಬೇಕರಿಯವ್ರು ಇನ್ನೊಂದು ಲೋಡು ಕೇಳಿದಾರೆ ಮಾವ, ಹೋಗ್ಬರ್ತೀನಿ" ಎಂದು ಬಾಗಿಲಲ್ಲೇ ಕೂಗಿ ಹೇಳಿ, ಅವರ ಮುಖ ನೋಡದೆ ವ್ಯಾನು ಹತ್ತಿದ ಸೊಸೆ, ಬೀದಿ ದಾಟುವವರೆಗೂ ಕನ್ನಡಿಯತ್ತ ಕಣ್ಣೆತ್ತಲಿಲ್ಲ. ಬೇಕರಿಗೆ ಹೋಗುವುದಾದರೆ ಬಲಕ್ಕೆ ಹೊರಳಬೇಕು. ಅವಳು ಎಡಕ್ಕೆ ಹೊರಳಿ ಮಾವನ ಹಳೆಯ ಶಿಷ್ಯನ ಗ್ಯಾರೇಜಿನ ದಾರಿ ಹಿಡಿದಳು. ಹೊರಳುವಾಗ ಎಡಗಡೆ ಮುಂದಿನ ಚಕ್ರದ ಹತ್ತಿರ ಆ ಸದ್ದು ಮತ್ತೆ ಬಂತು. ಟಕ್. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಕ್.

ಅವಳದು ಮೊಟ್ಟೆಯ ವ್ಯಾಪಾರ. ಫಾರಂನಿಂದ ಟ್ರೇಗಟ್ಟಲೆ ಮೊಟ್ಟೆ ತುಂಬಿಕೊಂಡು ಅಂಗಡಿ, ಹೋಟೆಲು, ಬೇಕರಿಗಳಿಗೆ ಹಾಕಿ ಬರುವುದು. ಬೀದಿಯ ಮಕ್ಕಳು ಅವಳನ್ನು ಮೊಟ್ಟೆಯಮ್ಮ ಎನ್ನುತ್ತಿದ್ದರು, ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಬೇಸರವಿದ್ದದ್ದು ವ್ಯಾನಿನ ಮೇಲೆ. ಮೊದಲಿನ ಮಾಲೀಕ ಅದರಲ್ಲಿ ಸಿಮೆಂಟು ಹೇರಿ ಹೇರಿ ನಡು ಮುರಿದಿದ್ದ. ಒಂದು ಗುಂಡಿಗೆ ಇಳಿದರೆ ಸಾಕು, ಎದ್ದ ಮೇಲೂ ಹೊಯ್ದಾಡುತ್ತಲೇ ಇರುತ್ತಿತ್ತು. ಒಡೆದ ಮೊಟ್ಟೆಗಳನ್ನೆಲ್ಲ ಮನೆಯವರೇ ತಿಂದು ತಿಂದು, ಅವಳ ಗಂಡ ರಸ್ತೆಯಲ್ಲಿ ಕೋಳಿ ಕಂಡರೂ ಮುಖ ತಿರುಗಿಸುವ ಸ್ಥಿತಿಗೆ ಬಂದಿದ್ದ.

"ಶಾಕ್ ಅಬ್ಸಾರ್ಬರ್ ಪೂರ್ತಿ ಹೋಗಿದೆ. ನಾಲ್ಕೂ ಬದಲಾಯಿಸ್ಬೇಕು" ಎಂದಿದ್ದ ಗಂಡ. "ಗ್ಯಾರೇಜಿಗೆ ಹಾಕು. ಅಪ್ಪನ ಕೈಗೆ ಮಾತ್ರ ಕೊಡ್ಬೇಡ."

ಅಪ್ಪ ಒಳಗಿನ ಕೋಣೆಯಲ್ಲೇ ಇದ್ದರು. ಕಿವಿ ಮಾತ್ರ ಇನ್ನೂ ಚುರುಕು. ಜೀವಮಾನವೆಲ್ಲ ಗಾಡಿಗಳ ಕೆಳಗೆ ಮಲಗಿಯೇ ಕಳೆದವರು, ಹೋದ ವರ್ಷ ಬಲಗೈಗೆ ಲಕ್ವ ಸೋಕಿದ ಮೇಲೆ ಸ್ಪ್ಯಾನರ್ ಮುಟ್ಟಿರಲಿಲ್ಲ. ಹೊರಗೆ ಬಂದವರೇ, "ಯಾಕೆ, ನನ್ನ ಕೈಗೆ ಏನಾಗಿದೆ? ನೋಡು" ಎಂದು ಮುಷ್ಟಿ ಬಿಗಿದು ತೋರಿಸಿದರು. ತೋರಿಸಿದ್ದು ಎಡಗೈ. ಗಂಡ ಹೆಂಡತಿ ಇಬ್ಬರೂ ಅದನ್ನು ಕಂಡರು. ಗಂಡ ಗೊಣಗಿಕೊಂಡು ಕೆಲಸಕ್ಕೆ ಹೋದ. ಸೊಸೆಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಮನುಷ್ಯ ವರ್ಷದಿಂದ ಕಿಟಕಿ ಪಕ್ಕ ಕೂತು ಹೋಗಿಬರುವ ಗಾಡಿಗಳ ಇಂಜಿನ್ನು ಕೇಳಿಕೊಂಡೇ ದಿನ ತಳ್ಳುತ್ತಿದ್ದುದನ್ನು ಅವಳು ನೋಡಿದ್ದಳು.

ಮಾವ ಮನೆ ಮುಂದೆಯೇ ವ್ಯಾನನ್ನು ಜ್ಯಾಕಿನ ಮೇಲೆ ಎತ್ತಿ ಕೆಲಸಕ್ಕೆ ಕೂತರು. ಮೊದಲು ಹಿಂದಿನ ಎರಡು ಬಿಚ್ಚಿದರು. ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿದ್ದ ಹಳೆಯ ಶಾಕ್ ಅಬ್ಸಾರ್ಬರನ್ನು ನೆಲಕ್ಕೆ ಊರಿ ಒತ್ತಿದರೆ, ಸರಳು ಒಳಗೆ ಹೋಗಿ ಅಲ್ಲೇ ಉಳಿಯಿತು. "ಜೀವ ಇದ್ದಿದ್ರೆ ತಾನಾಗೇ ಮೇಲೆ ಬರ್ಬೇಕಿತ್ತು, ನೋಡಮ್ಮ" ಎಂದು ಅವಳಿಗೆ ತೋರಿಸಿ, ಅದನ್ನು ಪಕ್ಕಕ್ಕೆ ಎಸೆದರು. ಮುಂದಿನವಕ್ಕೆ ಶಾಕ್ ಅಬ್ಸಾರ್ಬರು, ಸ್ಪ್ರಿಂಗು ಒಟ್ಟಿಗೇ ಜೋಡಿಸಿ ಬರುವ ಹೊಸ ಸ್ಟ್ರಟ್ಟುಗಳನ್ನೇ ತರಿಸಿದ್ದರು. ಬಲಗಡೆಯದು ಕೂತಿತು. ಎಡಗಡೆಯದರ ಹೊತ್ತಿಗೆ ಬಿಸಿಲು ಇಳಿದಿತ್ತು, ಮಾವನ ಮುಖವೂ ಇಳಿದಿತ್ತು. ಸ್ಟ್ರಟ್ಟಿನ ಬುಡವನ್ನು ಚಕ್ರದ ನಡುವಿನ ಗುಂಬಕ್ಕೆ ಹಿಡಿದಿಡುವುದು ಎರಡು ದಪ್ಪ ಬೋಲ್ಟುಗಳು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ಬಿಗಿ ಮಾಡಬೇಕು.

"ಒಳಗೋಗಿ ಟೀ ಮಾಡಮ್ಮ" ಎಂದರು ಮಾವ.

ಅಡುಗೆಮನೆಯ ಕಿಟಕಿಯಿಂದ ಅವಳಿಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಬೆನ್ನು ಬಾಗಿತು, ಎದ್ದಿತು, ಮತ್ತೆ ಬಾಗಿತು. ಟೀ ತರುವಷ್ಟರಲ್ಲಿ ಚಕ್ರ ಹಾಕಿ ಮುಗಿದಿತ್ತು. ಮಾವ ಬಟ್ಟೆಯಲ್ಲಿ ಕೈ ಒರೆಸುತ್ತ, "ಆಯ್ತು" ಎಂದರು. ಅಷ್ಟೇ.

ಮಾರನೆಯ ದಿನ ಒಂದೇ ಒಂದು ಮೊಟ್ಟೆ ಒಡೆಯಲಿಲ್ಲ. ಅವಳು ಮಾವನನ್ನು ಹೊಗಳಿದ್ದೇ ಹೊಗಳಿದ್ದು. ಪಕ್ಕದ ಮನೆಯವರಿಗೆ ಹೇಳಿದಳು, ಬೇಕರಿಯವನಿಗೂ ಹೇಳಿದಳು. ಮಾವ ಮಾತ್ರ ಅಷ್ಟೊಂದು ಹಿಗ್ಗಲಿಲ್ಲ. ಅವಳು ಬರುವ ಹೊತ್ತಿಗೆ ದಿನವೂ ಶಾಲು ಹೊದ್ದು ಬಾಗಿಲಲ್ಲಿ ನಿಂತಿರುತ್ತಿದ್ದರು. "ಇವತ್ತೂ ಒಂದೂ ಒಡೀಲಿಲ್ಲ ಮಾವ" ಎಂದು ಅವಳು ದೂರದಿಂದಲೇ ಕೂಗುತ್ತಿದ್ದಳು. ಹೊಗಳಿಕೆ ಕೇಳೋ ಆಸೆ, ಪಾಪ, ಎಂದುಕೊಂಡು ಒಳಗೊಳಗೇ ನಗುತ್ತಿದ್ದಳು.

ಆಮೇಲೆ ಸದ್ದು ಶುರುವಾಯಿತು. ಕೇಳಿದರೆ, "ಹೊಸ ಸಾಮಾನಲ್ವಾ, ಹೊಂದ್ಕೋಬೇಕು" ಎಂದು ಮಾವ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಅವಳಿಗೆ ನಂಬಿಕೆ ಬರಲಿಲ್ಲ. ಎದುರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಹಾಗಾಗಿ ಈ ಕಳ್ಳದಾರಿ.

ಗ್ಯಾರೇಜಿನ ಶಿಷ್ಯನನ್ನು ಎಲ್ಲರೂ ಡುಮ್ಮ ಎನ್ನುತ್ತಿದ್ದರು. ಕಡ್ಡಿಯಂಥ ಆಳು. ಹೆಸರಿಟ್ಟಿದ್ದು ಮಾವನೇ, ಹಾಗಾದರೂ ಮೈ ಹಿಡಿಯಲಿ ಎಂದು. ವಿಷಯ ಕೇಳಿ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಗುರುಗಳು ಮಾಡಿದ ಕೆಲಸಕ್ಕೆ ನಾನು ಕೈ ಹಾಕೋದಾ? ಬೇಡ ಅತ್ತಿಗೆ."

"ಸುಮ್ನೆ ನೋಡಪ್ಪಾ. ಏನೂ ಇಲ್ಲ ಅಂದ್ರೆ ನನಗೂ ಸಮಾಧಾನ. ಅವರಿಗೆ ಗೊತ್ತಾಗೋದೇ ಬೇಡ."

ಡುಮ್ಮ ಒಲ್ಲದ ಮನಸ್ಸಿನಿಂದಲೇ ಚಕ್ರ ಬಿಚ್ಚಿದ. ಬೋಲ್ಟಿಗೆ ಸ್ಪ್ಯಾನರ್ ಇಟ್ಟು ಎಳೆಯಲು ಕಾಲೂರಿದವನು, ಎಳೆಯುವ ಮೊದಲೇ ನಿಂತುಬಿಟ್ಟ. ಸ್ಪ್ಯಾನರ್ ತೆಗೆದು ಬೆರಳಿನಿಂದಲೇ ತಿರುಗಿಸಿ ನೋಡಿದ.

"ಕೈಲೇ ತಿರುಗ್ತಾ ಇದೆ ಅತ್ತಿಗೆ."

"ಅಂದ್ರೆ? ಅಪಾಯನಾ?"

"ಜೋರಾಗಿ ಬ್ರೇಕ್ ಹಾಕ್ದಾಗ ಚಕ್ರ ವಾಲ್ಬಿಟ್ರೆ..." ಎಂದು ಅಲ್ಲಿಗೇ ನಿಲ್ಲಿಸಿ, "ನೋಡಿದ್ದು ಒಳ್ಳೇದಾಯ್ತು" ಎಂದ.

ದಿನವೂ ಮಗಳನ್ನು ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಿದ್ದುದು ಇದೇ ವ್ಯಾನಿನಲ್ಲಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು. ಹೆದರಿಕೆ ಒಂದು ಕ್ಷಣದಲ್ಲಿ ಸಿಟ್ಟಾಗಿ ತಿರುಗಿತು.

"ಕೈಲಾಗಲ್ಲ ಅಂದ್ರೆ ಆಗಲ್ಲ ಅನ್ಬೇಕು! ಈ ವಯಸ್ಸಲ್ಲಿ ಅದೇನು ಜಂಬ? ನನ್ನ ಮಗಳು ಕೂತಿರ್ತಾಳೆ ಕಣೋ ಅಲ್ಲಿ. ಇವರ ಹೆಸರು ಉಳಿಯೋಕೆ ನಾವು ಸಾಯ್ಬೇಕಾ? ಮೂಲೇಲಿ ಸುಮ್ನೆ ಕೂತಿದ್ರೆ ಯಾರು ಬೇಡ ಅಂತಿದ್ರು!"

ಡುಮ್ಮ ನೋಡುತ್ತಿದ್ದುದು ಅವಳನ್ನಲ್ಲ, ಅವಳ ಭುಜದಾಚೆ ಯಾರನ್ನೋ. ಅವಳು ತಿರುಗಿದಳು. ಗೇಟಿನ ಹತ್ತಿರ ಮಾವ ನಿಂತಿದ್ದರು. ಓಣಿ ಓಣಿ ನುಗ್ಗಿ ನಡೆದೇ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಎಷ್ಟು ಕೇಳಿಸಿಕೊಂಡರು ಎಂದು ಕೇಳಬೇಕಾದ್ದೇ ಇರಲಿಲ್ಲ. ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು.

ಮಾವ ಅವಳನ್ನು ಬೈಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಡುಮ್ಮನಿಗೆ ಹೇಳಿದರು: "ಮೇಲಿನ ಬೋಲ್ಟು ಕಣೋ. ಕೆಳಗಿಂದು ಬಿಗಿಯಾಗಿದೆ ಅನ್ಕೊಂಡಿದೀನಿ, ಆದ್ರೂ ನೋಡ್ಬಿಡು."

"ಗುರುಗಳೇ, ನೀವು..."

"ಇದನ್ನೇ ಹೇಳೋಕೆ ಬಂದೆ. ಇವಳ ಕಣ್ಣಿಗೆ ಬೀಳದ ಹಾಗೆ ಬಂದು ಬಿಗಿ ಮಾಡಿ ಹೋಗು ಅನ್ನೋಣ ಅಂತ. ಬೇಕರಿಗೆ ಹೋದ್ಲಲ್ಲ, ಅಷ್ಟರಲ್ಲಿ ನಿನಗೆ ಹೇಳಿ ವಾಪಸ್ ಬರೋಣ ಅನ್ಕೊಂಡೆ."

ಆಗ ಅವಳಿಗೆ ಅರ್ಥವಾಯಿತು. ಮಾವ ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದುದು ಮೊಟ್ಟೆಯ ಸುದ್ದಿ ಕೇಳಲು ಅಲ್ಲ. ತಾಯಿ ಮಗಳು ಜೀವಸಹಿತ ಬಂದರೋ ಇಲ್ಲವೋ ನೋಡಲು. ಗೊತ್ತಿದ್ದೂ ನಮ್ಮನ್ನು ಕಳಿಸಿದಿರಾ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮಾವನ ಮುಖ ನೋಡಿದ ಮೇಲೆ ಅದನ್ನು ನುಂಗಿಕೊಂಡಳು. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಎಷ್ಟೋ ಸಲ ಕೇಳಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು. ಆದರೂ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಸಿಟ್ಟು ಹೋಗಿಲ್ಲವಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಡುಮ್ಮ ಪೈಪು ಸಿಕ್ಕಿಸಿದ ಸ್ಪ್ಯಾನರನ್ನು ಗುರುಗಳತ್ತ ಚಾಚಿದ. "ನೀವೇ ಒಂದ್ಸಲ ಹಾಕ್ಬಿಡಿ. ನಾನು ಹಿಂದಿಂದ ಹಿಡ್ಕೋತೀನಿ." ಅವನ ಒಳ್ಳೆಯತನವೇ ಹಾಗೆ, ಎಲ್ಲಿ ಗಾಯವಿದೆಯೋ ಅಲ್ಲೇ ಕೈ ಇಡುವುದು.

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನೀನೇ ಹಾಕು" ಎಂದು ಗೋಡೆಯ ಕಡೆ ತಿರುಗಿದರು. ಡುಮ್ಮ ಎಳೆದ. ಬೋಲ್ಟು ಕಿರ್ ಎಂದು ಬಿಗಿಯಾಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಯಾವ ಸದ್ದೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಮಾತಾಡಲು ಒಂದು ನೆಪವಾಗುತ್ತಿತ್ತು. ಮಗಳು ಕೂರುವ ಸೀಟಿನಲ್ಲಿ ಮಾವ ಮುದುಡಿ ಕೂತಿದ್ದರು. ಕ್ಷಮಿಸಿ ಎನ್ನಬೇಕು ಎಂದು ಅವಳು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಗೇರು ಬದಲಾಯಿಸಿದಳು.

ಮನೆ ಹತ್ತಿರವಾದಾಗ ಮಾವ ಕೇಳಿದರು, "ನಿನ್ನ ಗಂಡನಿಗೆ ಹೇಳ್ತೀಯೇನಮ್ಮ?"

ಪರೀಕ್ಷೆಯಲ್ಲಿ ಫೇಲಾದ ಮಗು ಕೇಳುವ ದನಿ ಅದು. ಇಷ್ಟು ವರ್ಷ ಮನೆಗೆ ಯಜಮಾನರಾಗಿದ್ದವರು ತನ್ನನ್ನು ಹೀಗೆ ಕೇಳುವಂತಾಯಿತಲ್ಲ ಎನಿಸಿತು ಅವಳಿಗೆ. "ಇಲ್ಲ ಮಾವ" ಎಂದಳು.

ಸಂಜೆ ಗಂಡ ಬಂದ. ಅಂಗಡಿಗೆಂದು ವ್ಯಾನು ತೆಗೆದುಕೊಂಡು ಹೋಗಿ ಬಂದವನು, ಊಟಕ್ಕೆ ಕೂರುತ್ತ ಹುಬ್ಬೇರಿಸಿದ. "ಸದ್ದು ನಿಂತಿದೆಯಲ್ಲ! ಯಾರ ಹತ್ರ ತೋರಿಸಿದೆ?"

"ಯಾರ ಹತ್ರಾನೂ ಇಲ್ಲರೀ" ಎಂದಳು ಅವಳು, ಬಡಿಸುತ್ತಲೇ, ಸಲೀಸಾಗಿ. "ಮಾವನೇ ಇನ್ನೊಂದ್ಸಲ ಬಿಗಿ ಮಾಡಿದ್ರು. ಅವರ ಕೈ ಬಿದ್ದ ಮೇಲೆ ಕೇಳ್ಬೇಕಾ!"

ಮಾತು ಬಾಯಿಂದ ಹೊರಬಿದ್ದ ಕೂಡಲೇ ತಪ್ಪಾಯಿತೆಂದು ಅವಳಿಗೆ ತಿಳಿಯಿತು. ಮಾವ ತಟ್ಟೆಯಿಂದ ಕೈ ತೆಗೆದರು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

"ಹಾಗೆಲ್ಲ ಹೇಳ್ಬೇಡಮ್ಮ. ನನಗೆ ಇನ್ನೂ ಕಷ್ಟ ಆಗುತ್ತೆ." ಮಾವ ಮಗನ ಕಡೆ ತಿರುಗಿದರು. "ನನ್ನ ಕೈಲಿ ಆಗ್ಲಿಲ್ಲ ಕಣೋ. ಅವತ್ತೇ ಆಗ್ಲಿಲ್ಲ. ಆಯ್ತು ಅಂತ ಸುಳ್ಳು ಹೇಳ್ದೆ. ಇವರಿಬ್ಬರನ್ನೂ ಅದೇ ಗಾಡೀಲಿ ಕಳಿಸ್ದೆ. ಇವತ್ತು ಡುಮ್ಮ ಬಿಗಿ ಮಾಡ್ದ."

ನಾನು ಮೊದಲೇ ಹೇಳಿರಲಿಲ್ವಾ ಎನ್ನುವ ಮಾತು ಗಂಡನ ಬಾಯಿಯವರೆಗೂ ಬಂದದ್ದನ್ನು ಅವಳು ಕಂಡಳು. ಅವನು ಅಂದಿದ್ದರೆ ಆ ರಾತ್ರಿ ಮನೆಯಲ್ಲಿ ಏನಾಗುತ್ತಿತ್ತೋ. ಅವನು ನೀರು ಕುಡಿದು, "ಹೋಗ್ಲಿ ಬಿಡಪ್ಪ, ಊಟ ಮಾಡು" ಎಂದ.

ಊಟ ಮುಗಿಸಿ ಅವಳು ಪಾತ್ರೆ ತೊಳೆಯುತ್ತಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬರಬಾರದ ಜಾಗಕ್ಕೆ ಬಂದವರ ಹಾಗೆ ಹೊಸ್ತಿಲಾಚೆಯೇ ಉಳಿದರು.

"ಮಾವ, ಬೆಳಿಗ್ಗೆ ನಾನು ಆಡಿದ ಮಾತು..." ಎಂದು ಅವಳು ಶುರು ಮಾಡಿದಳು.

"ಅದಿರ್ಲಿ. ಇಷ್ಟು ಹೇಳಿದ್ಮೇಲೆ ಇನ್ನೊಂದೂ ಹೇಳ್ಬಿಡ್ತೀನಿ. ನಾಳೆಯಿಂದ ಬೆಳಿಗ್ಗೆ ಈ ಅಂಗಿ ಗುಂಡಿ ಹಾಕ್ಕೊಡ್ತೀಯಾ? ನನ್ನ ಕೈಲಿ ಒಂದೂ ಆಗಲ್ಲ. ಬಾಗಿಲು ಹಾಕ್ಕೊಂಡು ಒದ್ದಾಡ್ತೀನಿ, ಆಮೇಲೆ ಬಿಟ್ಟು ಮೇಲೆ ಶಾಲು ಹೊದ್ಕೊಂಡು ಬರ್ತೀನಿ."

ಅವಳು ಕೈ ಒರೆಸಿಕೊಂಡು ಹತ್ತಿರ ಬಂದು ಶಾಲು ಸರಿಸಿ ನೋಡಿದಳು. ಕುತ್ತಿಗೆಯಿಂದ ಕೆಳತನಕ ಒಂದು ಗುಂಡಿಯೂ ಹಾಕಿರಲಿಲ್ಲ. ಈ ಬೇಸಿಗೆಯಲ್ಲಿ ಮನೆಯೊಳಗೆ ಯಾಕೆ ಶಾಲು ಹೊದೆಯುತ್ತೀರಿ ಎಂದು ಅವಳು ಇಷ್ಟು ದಿನ ಒಮ್ಮೆಯೂ ಕೇಳಿರಲಿಲ್ಲ. ಟ್ರೇಯ ಮೂಲೆಯಲ್ಲಿ ಮೊಟ್ಟೆಯೊಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಹಿಡಿಯುವ ಕಣ್ಣು ಅವಳದು.

ಅವಳು ತಲೆಯೆತ್ತಲಿಲ್ಲ. ಹೇಗೂ ಮಲಗುವ ಹೊತ್ತು, ಹಾಕಿದರೂ ಬಿಚ್ಚಬೇಕು. ಆದರೂ ಒಂದೊಂದಾಗಿ ಗುಂಡಿ ಹಾಕತೊಡಗಿದಳು.