ಕಾಂಪೌಂಡು ದಾಟದ ರೇಡಿಯೋ

ಕೆಂಪು ದೀಪ ಹತ್ತಿತು, ಹತ್ತಿ ಒಮ್ಮೆ ಕಣ್ಣು ಪಿಳುಕಿಸಿ ನಿಂತಿತು, ಆಂಪ್ಲಿಫೈಯರ್ ಬಿಸಿಯಾಗುವಾಗ ಬರುವ ಈ ಸುಟ್ಟ ಧೂಳಿನ ವಾಸನೆ ನನಗೆ ಯಾಕೋ ಸೇರುತ್ತದೆ, ಹಾಸ್ಟೆಲ್ಲಿನ ಸಾರಿಗಿಂತ ಎಷ್ಟೋ ಮೇಲು — ಬೇವಿನ ಮರದ ಹಾರ್ನು ಗೊರ್ ಅಂದದ್ದೇ ತಡ, ಕೆಳಗೆ ಬುತ್ತಿ ಬಿಚ್ಚಿದ ಹುಡುಗರ ಸಿಳ್ಳೆ ಶುರು, ಏ ಅಮರಮ್ಮ, ಇವತ್ತಾರ ಸಿನಿಮಾ ಹಾಡು ಹಾಕಬೇ, ದಿನಾ ಮುದುಕೇರ ಹಾಡು ಹಾಕಿ ಊಟ ಕೆಡಸ್ತಿ, ಹೋಗ್ರೋ, ನಿಮ್ಮ ಸಿನಿಮಾ ಹಾಡು ರಾಯಚೂರಿನ ಪ್ರತಿ ಪಾನ್ ಅಂಗಡಿಯಲ್ಲೂ ಬಡಿದುಕೊಳ್ಳುತ್ತಿರುತ್ತದೆ, ಅದಕ್ಕೆ ನಾನ್ಯಾಕೆ ಬೇಕು. ಭೌತಶಾಸ್ತ್ರದ ಹನುಮಂತ್ರಾಯ ಸರ್ ಒಂದು ಮೈಕು, ನಾಲ್ಕು ಹಾರ್ನು, ಒಂದು ಹಳೆಯ ಟೇಪ್ ರೆಕಾರ್ಡರ್ ಜೋಡಿಸಿ ಇದಕ್ಕೆ ಕಾಲೇಜು ರೇಡಿಯೋ ಅಂತ ಹೆಸರಿಟ್ಟರು, ಹೆಸರು ದೊಡ್ಡದು, ಕಾಂಪೌಂಡಿನ ಆಚೆ ಎಮ್ಮೆ ಮೇಯಿಸುವ ಮುದುಕನಿಗೂ ನೆಟ್ಟಗೆ ಕೇಳುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕಾರ್ಯಕ್ರಮ, ಯಾವ ಕಂಪನಿಯೂ ರೆಕಾರ್ಡು ಮಾಡದ ಹಾಡು, ನಾನೇ ಹುಡುಕಿ ಹಿಡಿದು ತಂದದ್ದು, ಒಂದೊಂದಕ್ಕೂ ಒಂದು ಪುಟ ಬರೆದು ಮೈಕಿನಲ್ಲಿ ಓದಿ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಮಾನ್ವಿಯ ಅಮೀರ್ ಸಾಬ್ ಮೊಹರಂ ಪದ ಹಾಡುವಾಗ ಎರಡನೆಯ ಸಾಲಿಗೆ ಮಗ್ಗಿ ಮರೆತ ಹುಡುಗನ ಹಾಗೆ ತಡವರಿಸಿ ಆಮೇಲೆ ಒಂದೇ ಉಸಿರಿಗೆ ಓಡುತ್ತಾನೆ, ಹಾಗಂತ ಬರೆದಿದ್ದೆ, ಇಂಗ್ಲಿಷ್ ಮೇಷ್ಟ್ರು ಕೂಡ ನಿಂತು ಓದಿದರು, ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಇವತ್ತಿನ ಕ್ಯಾಸೆಟ್ಟು ಇಲ್ಲಿದೆ, ಅಂಗೈಯಲ್ಲಿ ಬೆವೆತಿದೆ, ಕ್ಯಾಸೆಟ್ಟಲ್ಲ ಬೆವೆತದ್ದು, ನಾನು. ಹಿರೇಕೊಟ್ನೆಕಲ್ಲಿನ ನನ್ನ ದೊಡ್ಡವ್ವ ಯಮನಮ್ಮ, ಅವ್ವನ ಅಕ್ಕ, ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡ್ಯಾಡಿ ಅಳಲು ಅವಳೇ ಬೇಕು, ನಮ್ಮನ್ನು ಒಳಗೆ ಕರೆಯದ ಮನೆಯವರೂ ಅಂಗಳದಲ್ಲಿ ಕೂರಿಸಿ ಅಳಿಸುತ್ತಾರೆ, ಸತ್ತವರ ಎತ್ತು, ಹೊಲ, ಜಗಳ, ಎಲ್ಲ ಅವಳ ಹಾಡಿನಲ್ಲಿ ಬರುತ್ತದೆ, ಅಳದೆ ಕೂತ ಸೊಸೆಯೂ ಅಳುತ್ತಾಳೆ. ಕಳೆದ ರವಿವಾರ ಹೋಗಿ ಟೇಪ್ ರೆಕಾರ್ಡರ್ ಅವಳ ಮುಂದಿಟ್ಟೆ, ದೊಡ್ಡವ್ವ, ಒಂದ್ ಸಲ ಹಾಡಬೇ. ನಕ್ಕುಬಿಟ್ಟಳು. ಹೆಣ ಇಲ್ದ ಹೆಂಗ ಅಳ್ಲಿ ಯವ್ವಾ, ಹುಚ್ಚಿ ಅದೀಯೇನು, ಇದು ಬೀಸೋ ಹಾಡಲ್ಲ, ಇದಕ ಒಂದ್ ಹೆಸರು ಬೇಕು, ಬದುಕಿದ್ದೋರ ಹೆಸರು ತಗದ್ರ ಕೇಡು, ಸತ್ತೋರಿಗೆ ಆಗ್ಲೇ ಅತ್ತು ಕಳಿಸೀನಿ, ಮತ್ತ ಎಬ್ಬಿಸಬಾರ್ದು. ನಾನು ಬಿಡಬೇಕಲ್ಲ, ಹಾಡು ಹುಡುಕುವ ಹುಚ್ಚು ನೆತ್ತಿಗೇರಿತ್ತು, ಗೋಗರೆದೆ, ಸಿಟ್ಟು ಮಾಡಿದೆ, ಬ್ಯಾಟರಿ ಸುಮ್ಮನೆ ಇಳಿಯುತ್ತಿದೆ ಅನ್ನುವುದೊಂದೇ ಚಿಂತೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಸರಿಸಿ ಕೇಳಿದಳು, ನಿನ್ನ ರೇಡಿಯೋ ಎಲ್ಲಿತನಕ ಕೇಳ್ತದ? ಭಾಳ ದೂರ ಕೇಳ್ತದ. ದೇವದುರ್ಗಕ? ಹೂಂ. ಗುಂತಕಲ್ಲಿಗೆ? ಹೂಂ ಅಂದೆ, ಬಾಯಿಂದ ಉದುರಿಹೋಯಿತು, ಇಲ್ಲವೆಂದರೆ ಎದ್ದು ಹೋಗುತ್ತಾಳೆ ಅನ್ನಿಸಿತು, ಗುಂಡಿ ಒತ್ತಿದೆ, ದೊಡ್ಡವ್ವ ಕಣ್ಣು ಮುಚ್ಚಿ ಬಾಯಿ ತೆರೆದಳು — ಗದ್ದೆಪ್ಪಾ.

ಗದ್ದೆಪ್ಪ ನನ್ನ ದೊಡ್ಡಪ್ಪ, ಅವಳ ಗಂಡ. ಒಂದು ದಿನವೂ ಅವಳ ಬಾಯಲ್ಲಿ ಆ ಹೆಸರು ಕೇಳಿದವಳಲ್ಲ ನಾನು, ಗಂಡನ ಹೆಸರು ಯಾರು ಹೇಳುತ್ತಾರೆ ನಮ್ಮಲ್ಲಿ, ಅಂವ, ಅವರು, ಅಷ್ಟೇ. ನಾನು ಕನ್ನಡ ಶಾಲೆಯಲ್ಲಿದ್ದಾಗ ದೇವದುರ್ಗದ ಕಡೆ ರಸ್ತೆ ಕೆಲಸಕ್ಕೆ ಹೋದ, ಜೊತೆಗೆ ಹೋದವರೆಲ್ಲ ಲಾರಿಯಲ್ಲಿ ಬಂದಿಳಿದರು, ಅವನಿರಲಿಲ್ಲ, ಒಬ್ಬ ಕಲ್ಲಿನ ಗುಡ್ಡ ಕುಸಿಯಿತು ಅಂದ, ಒಬ್ಬ ರಾಯಚೂರು ಸ್ಟೇಷನ್ನಿನಲ್ಲಿ ಗುಂತಕಲ್ ಗಾಡಿ ಹತ್ತುವುದನ್ನು ಕಂಡೆ ಅಂದ, ಗುತ್ತೇದಾರ ಇಂಥವನು ನಮ್ಮಲ್ಲಿ ಇರಲೇ ಇಲ್ಲ ಅಂದ. ಹೆಣವಿಲ್ಲ, ಸುದ್ದಿಯಿಲ್ಲ. ಅತ್ತೆ ಮನೆಯವರು ಕುಂಕುಮ ಅಳಿಸು ಅಂದರೆ, ಹೆಣ ತೋರಸ್ರಿ, ಅಳಸ್ತೀನಿ, ಇಷ್ಟೇ ಅವಳ ಮಾತು, ಊರಿನವರಿಗೆಲ್ಲ ಅತ್ತವಳು ಅವನಿಗೊಬ್ಬನಿಗೆ ಅಳಲಿಲ್ಲ. ರವಿವಾರ ಅತ್ತಳು. ಮುಗಿದ ಮೇಲೆ ಮುಖ ತೊಳೆದು ಹೊಸದಾಗಿ ಕುಂಕುಮ ಇಟ್ಟುಕೊಂಡು ಬಂದಳು, ನನಗೆ ತಲೆ ಬುಡ ತಿಳಿಯಲಿಲ್ಲ, ಇದನ್ನ ಹಾಕು ಅಮರಿ, ಎಲ್ಲ್ಯಾರ ಇದ್ರ ಕೇಳ್ತಾನ, ಬದುಕಿದ್ದವನ್ನ ಹೆಣ ಮಾಡಿ ಅಳಾಕತ್ತಾಳಂತ ಸಿಟ್ಟಿಗೆದ್ದರ ಬರ್ತಾನ, ಅವನ ಸಿಟ್ಟು ನಿನಗ ಗೊತ್ತಿಲ್ಲ, ಇಷ್ಟು ಕೇಳೀನೂ ಬರ್ಲಿಲ್ಲಂದ್ರ — ಅಲ್ಲಿಗೆ ನಿಲ್ಲಿಸಿ ಮೊರ ಎಳೆದುಕೊಂಡಳು. ಬರ್ಲಿಲ್ಲಂದ್ರ ಅಂವ ಇಲ್ಲಾಂತ ತಿಳಕೊಳ್ಳೋದು, ಅಂದಳು. ಯಾವತ್ತು ಹಾಕ್ತಿ? ಶುಕ್ರವಾರ ಮಧ್ಯಾಹ್ನ, ಅಂದೆ.

ಇವತ್ತು ಶುಕ್ರವಾರ. ಹೇಳಬಹುದಿತ್ತು, ಅಲ್ಲೇ, ದೊಡ್ಡವ್ವ, ನನ್ನ ರೇಡಿಯೋ ಗೋಡೆ ದಾಟುವುದಿಲ್ಲ, ಅಂತ, ನಿನ್ನೆ ಮಾನ್ವಿ ಬಸ್ಸು ಹಿಡಿದು ಹೋಗಿಯಾದರೂ ಹೇಳಬಹುದಿತ್ತು, ಬದಲಿಗೆ ಬರೆಯುತ್ತ ಕೂತೆ, ಎಷ್ಟು ಚೆನ್ನಾಗಿ ಬಂದಿದೆ ಪುಟ, ಈ ಗಾಯಕಿ ಸಾಲಿನ ನಡುವೆ ಬಿಡುವ ಮೌನವೇ ಈ ಹಾಡಿನ ಜೀವ, ಥೂ, ಅದು ಮೌನವೇ, ಅವನು ಓಗೊಡಲಿ ಅಂತ ಬಿಟ್ಟ ಜಾಗ. ಅವನು ಗುಂತಕಲ್ಲಿನಲ್ಲೋ ಎಲ್ಲೋ ಬೀಡಿ ಸೇದುತ್ತ ಬದುಕಿದ್ದರೂ ಇವತ್ತು ಸಾಯುತ್ತಾನೆ, ನನ್ನ ಒಂದು ಹೂಂನಿಂದ, ಅವಳು ಒಂದು ವಾರ ಬಾಗಿಲು ನೋಡುತ್ತಾಳೆ, ಎರಡು ವಾರ ನೋಡುತ್ತಾಳೆ, ಆಮೇಲೆ ಎದ್ದು ಕುಂಕುಮ ಅಳಿಸುತ್ತಾಳೆ. ಹಾಕದಿದ್ದರೆ? ಹಾಕದಿದ್ದರೂ ಅಷ್ಟೇ, ಹಾಕಿದೆನೆಂದೇ ನಂಬಿರುತ್ತಾಳೆ, ಇಡೀ ದೇಶ ಕೇಳಿತು, ಅವನೊಬ್ಬ ಕೇಳಲಿಲ್ಲ ಅಂದುಕೊಳ್ಳುತ್ತಾಳೆ, ದೇವರೇ, ನನ್ನ ಬಾಯಿಗೆ ಮಣ್ಣು ಬೀಳಲಿ. ಹನುಮಂತ್ರಾಯ ಸರ್ ಬಾಗಿಲಲ್ಲಿ ಬಂದು ನಿಂತಿದ್ದಾರೆ, ಯಾಕವಾ, ಮೈಯಾಗ ಆರಾಮಿಲ್ಲೇನು, ಬಿಡುವು ಮುಗಿಯಾಕ ಬಂತು, ಹಚ್ಚು. ಹಚ್ತೀನ್ರೀ ಸರ್. ಪುಟ ಓದಲಿಲ್ಲ, ಮಡಚಿ ಕಿಸೆಗೆ ತುರುಕಿದೆ, ಗುಂಡಿ ಒತ್ತಿದೆ. ಸಿಳ್ಳೆ. ಆಮೇಲೆ ದೊಡ್ಡವ್ವ ನಾಲ್ಕು ಹಾರ್ನಿನಲ್ಲಿ ಒಟ್ಟಿಗೆ ಬಾಯಿ ತೆರೆದಳು, ಗದ್ದೆಪ್ಪಾ, ಮಂದಿ ನಡಿಯೋ ದಾರಿ ಮಾಡಾಕ ಹ್ವಾದಿ, ನೀ ತಿರುಗಿ ಬರೋ ದಾರಿ ಎಲ್ಲ್ಯದೋ, ಸಿಳ್ಳೆ ನಿಂತಿತು, ಒಬ್ಬ ಹುಡುಗ ರೊಟ್ಟಿ ಬಾಯಿಗಿಟ್ಟವನು ಹಾಗೇ ಕೂತ, ಹಣಿ ಬರಿದು ಮಾಡಿದ್ಯೋ, ಕೈಯಾನ ಬಳಿ ಒಡಿಸಿ ಹ್ವಾದ್ಯೋ, ಮತ್ತು ಅವಳು ಎದೆ ಬಡಿದುಕೊಂಡಾಗ — ಝಲ್ — ಏನದು, ಟೇಪಿನ ಸದ್ದಲ್ಲ, ಹಾಸ್ಟೆಲ್ಲಿನಲ್ಲಿ ಕಿವಿಗಿಟ್ಟು ಎಷ್ಟು ಸಲ ಕೇಳಿದೆ, ಕೇಳಿಸಿರಲಿಲ್ಲ, ಹಾರ್ನು ಎತ್ತಿ ಎಸೆಯುತ್ತಿದೆ, ಬಳಿ ಒಡಿಸಿ ಹ್ವಾದ್ಯೋ, ಝಲ್, ಬಳೆ, ಒಂದೂ ಒಡೆಯದ ಬಳೆ, ಕೈತುಂಬ ಇವೆ. ಸರ್ ಕನ್ನಡಕ ತೆಗೆದರು. ಗೋಡೆಯವರೆಗೆ ಹೋಗಿ ವಾಪಸು ಬರುತ್ತಿದೆ ಸದ್ದು, ಝಲ್, ಅಲ್ಲಿ ಊರಲ್ಲಿ, ರೇಡಿಯೋ ಇರುವ ಹಂಪಯ್ಯನ ಹೋಟೆಲಿನ ಹೊರಗಿನ ಕಲ್ಲಿನ ಮೇಲೆ ದೊಡ್ಡವ್ವ ಬೆಳಿಗ್ಗೆಯಿಂದ ಕೂತಿರುತ್ತಾಳೆ, ಒಳಗೆ ರೇಡಿಯೋ ಹತ್ತಿಯ ಧಾರಣೆ ಹೇಳುತ್ತಿರುತ್ತದೆ, ಯಾರೋ ಬೇಸತ್ತು ಆರಿಸಲು ಏಳುತ್ತಾರೆ, ದೊಡ್ಡವ್ವ ಕೈ ಎತ್ತುತ್ತಾಳೆ, ತಡೀರಿ ಯಪ್ಪಾ, ಈಗ ಬರ್ತದ, ಬಳೆಗಳು ಮಣಿಕಟ್ಟಿನಿಂದ ಮೊಳಕೈಗೆ ಜಾರುತ್ತವೆ, ಈಗ ಬರ್ತದ, ಎತ್ತಿದ ಕೈ ಇಳಿಸುವುದಿಲ್ಲ, ಹಸಿರು ಬಳೆ, ಎತ್ತಿದ ಕೈ, ಇಳಿಸುತ್ತಿಲ್ಲ