ಸ್ಟೇರಿಂಗಿನ ತೊಗಲು

ಮಧ್ಯಾಹ್ನ ಮನೆಗೆ ಬಂದ ಕೂಡಲೇ ಗದ್ದೆಪ್ಪ ಊಟ ಕೇಳುತ್ತಿರಲಿಲ್ಲ, ನೀರು ಕೇಳುತ್ತಿದ್ದ. ಕುಡಿಯಲಿಕ್ಕಲ್ಲ, ಕೈ ಅದ್ದಲಿಕ್ಕೆ. ಹೆಂಡತಿ ಪಕೀರಮ್ಮ ಬೋಗುಣಿಯಲ್ಲಿ ನೀರು ತಂದಿಟ್ಟು, ಅವನ ಎರಡೂ ಕೈಯ ಕಪ್ಪು ಗವಸುಗಳನ್ನು ಒಂದೊಂದೇ ಬೆರಳು ಹಿಡಿದು ಎಳೆದು ಬಿಚ್ಚುತ್ತಿದ್ದಳು. ಒಳಗಿನಿಂದ ಹುಳಿ ವಾಸನೆ ಹೊಡೆಯುತ್ತಿತ್ತು. ಅಂಗೈ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತಿತ್ತು. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಕೆಂಪಗೆ ಕಾಣುತ್ತಿತ್ತು. ಖಾರ ತಾಗಿದರೆ ಜೀವ ಹೋದಂತಾಗುತ್ತಿತ್ತು. ಅದಕ್ಕೇ ಪಕೀರಮ್ಮ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ತನ್ನ ಬಲಗೈಯಿಂದ ಅವನ ಬಾಯಿಗೆ ಇಡುತ್ತಿದ್ದಳು.

"ನಾ ಗಂಡನ್ನ ಮಾಡ್ಕೊಂಡೀನೋ, ಕೂಸು ಹಡದೀನೋ, ಒಂದೂ ತಿಳೀವಲ್ದು," ಎಂದು ನಗುತ್ತಿದ್ದಳು.

"ಉಣಿಸೋ ಕೈ ಚಂದ ಐತಿ. ಬಾಯಿ ಮಾತ್ರ ಜೋರು," ಎನ್ನುತ್ತಿದ್ದ ಗದ್ದೆಪ್ಪ.

ಮೇ ತಿಂಗಳು. ಸಿಂಧನೂರು ಸೀಮೆಯ ಬಿಸಿಲಿಗೆ ಕಾಲುವೆ ದಂಡೆಯ ಎಮ್ಮೆಗಳು ಸಹ ನೀರು ಬಿಟ್ಟು ಏಳುತ್ತಿರಲಿಲ್ಲ. ಅಂಥ ಬಿಸಿಲಲ್ಲಿ ಗದ್ದೆಪ್ಪ ಮೊಣಕೈ ತನಕ ದಪ್ಪ ಗವಸು ಏರಿಸಿಕೊಂಡು ಕಾರು ಹೊಡೆಯಬೇಕು. ಕೇರಿಯವರು, "ಏ ಡಾಕ್ಟರ್ ಬಂದಾನ ನೋಡ್ರೋ," ಎಂದು ಚೇಷ್ಟೆ ಮಾಡುತ್ತಿದ್ದರು. ಬರಬರುತ್ತ ಅವನ ಕೈ ನೋಡಿದವರ ನಗು ನಿಂತುಹೋಯಿತು.

ಈ ಗವಸು ಬಂದದ್ದು ಒಂದು ತೊಗಲಿನ ಸಲುವಾಗಿ. ಕಲ್ದಿನ್ನಿಯ ವಿರೂಪಾಕ್ಷಪ್ಪ ಸಾಹುಕಾರರಿಗೆ ಬಳಗಾನೂರಿನ ದಾರಿಯುದ್ದಕ್ಕೂ ಭತ್ತದ ಗದ್ದೆ, ಊರ ಹೊರಗೆ ಅಕ್ಕಿ ಮಿಲ್ಲು, ಮಿಲ್ಲಿನ ಅಂಗಳದಲ್ಲಿ ಒಂದು ಬಿಳೀ ಅಂಬಾಸಿಡರ್ ಕಾರು. ಹೈದರಾಬಾದಿನಲ್ಲಿ ಯಾರೋ ಕಂತ್ರಾಟುದಾರನ ಕಾರಿನ ಸ್ಟೇರಿಂಗಿಗೆ ತೊಗಲು ಸುತ್ತಿದ್ದನ್ನು ಕಂಡು ಬಂದರು. ಅಂದಿನಿಂದ ಅವರಿಗೆ ನಿದ್ದೆ ಇಲ್ಲ. ಮಾದಿಗರ ಕೇರಿಯ ಆದಪ್ಪನಿಗೆ ಹೇಳಿಕಳಿಸಿದರು. ಆದಪ್ಪ ಗದ್ದೆಪ್ಪನ ಅಪ್ಪ. ಕಾಲುವೆ ಬರುವ ಮೊದಲು ಬಾವಿಗಳಿಗೆ ನೀರೆತ್ತುವ ತೊಗಲಿನ ಮೊಟ್ಟೆ ಹೊಲಿದು ಸುತ್ತಮುತ್ತ ಹೆಸರಾದವನು. ಕಾಲುವೆ ಬಂತು, ಮೊಟ್ಟೆ ಹೋಯಿತು, ಆದಪ್ಪನ ಕೈಗೆ ಹರಿದ ಚಪ್ಪಲಿಗಳು ಉಳಿದವು. ಬಹಳ ವರ್ಷಕ್ಕೆ ಸಿಕ್ಕ ಕೆಲಸವೆಂದು ಮುದುಕ ಹಿಗ್ಗಿದ. ಎಳೆಗರುವಿನ ತೊಗಲು ತಂದು, ತಂಗಡಿ ತೊಗಟೆಯ ನೀರಿನಲ್ಲಿ ಹಾಕಿ, ತುಳಿದು, ಉಜ್ಜಿ, ಔಡಲೆಣ್ಣೆ ಕುಡಿಸಿ ಹದ ಮಾಡಿದ. ಹಸಿ ಇರುವಾಗಲೇ ಸ್ಟೇರಿಂಗಿಗೆ ಸುತ್ತಿ, ಕಾರಿನೊಳಗೆ ಬೆಳಗಿನಿಂದ ಸಂಜೆತನಕ ಕುಂತು ಹೊಲಿದ. ಒಣಗಿದ ಮೇಲೆ ಅದು ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಬಿಗಿಯಿತು. ಆದಪ್ಪ ಕಾರಿನಲ್ಲಿ ಕುಂತದ್ದು ಅದೇ ಮೊದಲು.

ಅವನು ಇಳಿದ ಮೇಲೆ ಸಾಹುಕಾರರ ಮನೆಯವರು ಕಾರಿಗೆಲ್ಲ ಗೋಮೂತ್ರ ಚಿಮುಕಿಸಿದರು. ತೊಗಲು ಒಣಗಲೆಂದು ಕಾರು ನಿಂತೇ ಇತ್ತು. ಅದು ಹೊರಡುವ ಮೊದಲೇ, ಮರುವಾರ, ಈ ಗವಸು ಬಂದವು.

"ತೊಗಲಿಗೆ ಬೆವರು ಹತ್ತಿದ್ರ ಕರ್ರಗಾಗ್ತೈತಿ. ಇವನ್ನ ಹಾಕ್ಕೊಂಡ ಮುಟ್ಟಬೇಕು, ತಿಳೀತೇನಲೇ?" ಎಂದರು ಸಾಹುಕಾರರು.

ಹಳೆಯ ಡ್ರೈವರ್ ಮಸ್ತಾನಸಾಬ ಲಾರಿ ಹತ್ತಿ ಹೋದ ಮೇಲೆ, ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಗದ್ದೆಪ್ಪನನ್ನು ಅವರೇ ಕಾರಿಗೆ ಹಾಕಿದ್ದರು. ಅರ್ಧ ಪಗಾರಕ್ಕೆ ಸಿಗುವ ಡ್ರೈವರನ ಕೇರಿ ಯಾವುದೆಂದು ಯಾರು ಕೇಳುತ್ತಾರೆ? ಅವನು ಕೂಡುವ ಸೀಟಿಗೆ ಗೋಣಿತಾಟು ಹಾಸಿದ್ದರು. ಕೈಗೊಂದೇ ಏನೂ ಹಾಸಿರಲಿಲ್ಲ. ಈಗ ಅದೂ ಆಯಿತು.

ಗದ್ದೆಪ್ಪ ಬೆವರಿನ ಮಾತನ್ನು ನಂಬಿದ. ನಂಬದೆ ಏನು ಮಾಡಬೇಕು? ಆದರೆ ಒಂದು ದಿನ ಲಿಂಗಸುಗೂರಿನಿಂದ ಸಾಹುಕಾರರ ಭಾಮೈದ ಬಂದ. ಮಿರ್ಚಿ ಭಜಿ ತಿಂದ ಎಣ್ಣೆಗೈಯಲ್ಲೇ ಸ್ಟೇರಿಂಗ್ ಹಿಡಿದು ಅಂಗಳದಲ್ಲಿ ಕಾರು ತಿರುಗಿಸಿದ. ಸಾಹುಕಾರರು ಪಕ್ಕದಲ್ಲಿ ಕುಂತು, "ಮೆತ್ತಗೈತಿಲ್ಲೋ? ಇನ್ನೊಂದ್ಸಲ ಹೊಡಿ," ಎನ್ನುತ್ತಿದ್ದರು. ಗವಸು ಹಾಕಿಕೊಂಡ ಗದ್ದೆಪ್ಪ ಬಿಸಿಲಲ್ಲಿ ನಿಂತು ನೋಡಿದ. ಅಂದು ಮನೆಗೆ ಬಂದು ಅಪ್ಪನಿಗೆ ಹೇಳಿದ.

ಆದಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಹದ ಮಾಡುವಾಗ ನನ್ನ ಬೆವರು ಆ ತೊಗಲಿನಾಗ ಇಳದೈತಲೇ ತಮ್ಮಾ. ಅದನ್ನ ಹ್ಯಾಂಗ ತೊಳೀತಾರಂತ?" ಎಂದಷ್ಟೇ ಅಂದ.

ಸಾಹುಕಾರರ ದೌಲತ್ತು ಹೀಗಿತ್ತು. ಸ್ಟೇರಿಂಗಿಗೆ ತೊಗಲು ಹೊದಿಸಿದ್ದರು. ತೊಗಲಿಗೆ ಕೆಡುಕಾಗಬಾರದೆಂದು ಗವಸು ತರಿಸಿದ್ದರು. ಆದರೆ ಮಿಲ್ಲಿನ ಇಂಜಿನ್ನಿಗೆ ಹಾಕಿದ ಅಷ್ಟುದ್ದ ಬೆಲ್ಟಿನ ಪಟ್ಟಾಕ್ಕೆ ಒಂದು ತಂತಿ ಜಾಳಿಗೆ ಕಟ್ಟಿಸಿರಲಿಲ್ಲ. ಕೂಲಿಗೆ ಬಂದ ಕೇರಿಯ ಹೆಣ್ಣುಮಕ್ಕಳು, ಅವರೊಳಗೆ ಪಕೀರಮ್ಮನೂ, ತಿರುಗುವ ಪಟ್ಟಾದ ಕೆಳಗೇ ಬಗ್ಗಿ, ಸುರಿದ ಅಕ್ಕಿ ಬಳಿಯಬೇಕು. ಇಂಜಿನ್ನು ನಿಲ್ಲಿಸಿದರೆ ಡೀಸೆಲ್ ದಂಡ ಎಂದು ಮಿಲ್ಲಿನ ಮೇಸ್ತ್ರಿ ಮಾಳಿಂಗಪ್ಪ ಕೋಲು ಹಿಡಿದು ನಿಲ್ಲುತ್ತಿದ್ದ.

ಆ ಪಟ್ಟಾ ಪಕೀರಮ್ಮನ ಬಲಗೈ ಎಳೆದುಕೊಂಡಿತು.

ಗದ್ದೆಪ್ಪ ಅಂಗಳದಲ್ಲಿ ಕಾರು ಒರೆಸುತ್ತಿದ್ದ. ಮೊದಲು ಪಕೀರಮ್ಮನ ಜೊತೆ ಅಕ್ಕಿ ಬಳಿಯುತ್ತಿದ್ದ ಪೀರ್‌ಬೀಯ ಚೀರಾಟ ಕೇಳಿತು. ಆಮೇಲೆ ಇಂಜಿನ್ನು ಗೊರಗೊರ ಎಂದು ನಿಂತಿತು. ಒಳಗೆ ಓಡಿ ನೋಡಿದರೆ ಪಕೀರಮ್ಮ ಅಕ್ಕಿಯ ರಾಶಿಯ ಮೇಲೆ ಬಿದ್ದಿದ್ದಳು. ಅಕ್ಕಿ ಕೆಂಪಾಗಿತ್ತು. ಮೊಣಕೈ ಕೆಳಗೆ ಕೈ ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಪೀರ್‌ಬೀ ತನ್ನ ಸೀರೆಯ ಸೆರಗು ಹರಿದು ತೋಳಿಗೆ ಬಿಗಿಯುತ್ತಿದ್ದಳು.

"ಗದ್ದೆಪ್ಪಾ, ಕಾರು ತಗಿ! ಜಲ್ದಿ!"

ಮಾಳಿಂಗಪ್ಪ ಬಾಗಿಲಿಗೆ ಅಡ್ಡ ಬಂದ. "ಸಾವ್ಕಾರ್ರು ಮಲಗ್ಯಾರ. ಎದ್ದ ಮ್ಯಾಲ ಕೇಳಿ ಒಯ್ಯಿ. ಸೀಟಿಗೆ ರಕ್ತ ಹತ್ತತೈತಿ. ಟ್ರ್ಯಾಕ್ಟರ್ ಬರಲಿ ತಡಿ."

ಹೆಂಡತಿಯನ್ನು ಹೊತ್ತುಕೊಂಡಿದ್ದ ಗದ್ದೆಪ್ಪ ಭುಜದಿಂದ ಅವನ ಎದೆಗೆ ಗುದ್ದಿದ. ಮೇಸ್ತ್ರಿ ಹೊಟ್ಟಿನ ಗುಂಪಿಯಲ್ಲಿ ಮಗುಚಿ ಬಿದ್ದ. ಪೀರ್‌ಬೀ ಹಿಂದಿನ ಸೀಟಿನಲ್ಲಿ ಕುಂತು ಪಕೀರಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡಳು. ಕಾರು ಕಾಲುವೆ ದಾರಿ ಹಿಡಿಯಿತು.

ಗವಸುಗಳೆಲ್ಲ ರಕ್ತ. ಕಾಲುವೆಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಕೈ ಜಾರಿತು. ಕಾರಿನ ಮುಂದಿನ ಗಾಲಿ ದಂಡೆಯ ಮಣ್ಣು ಕೆದರಿ ನೀರಿನ ಮೇಲಕ್ಕೇ ಹೋಗಿ ನಿಂತಿತು.

"ಯಾ ಅಲ್ಲಾ! ಗದ್ದೆಪ್ಪಾ, ಕಿತ್ತೊಗಿ ಅವನ್ನ!" ಎಂದು ಪೀರ್‌ಬೀ ಕಿರುಚಿದಳು.

ಗದ್ದೆಪ್ಪ ಹಲ್ಲಿನಿಂದ ಕಚ್ಚಿ ಎಳೆದು ಗವಸು ಬಿಚ್ಚಿದ. ಎರಡನ್ನೂ ಕಾಲುವೆಗೆ ಎಸೆದ. ಕಾರು ಹಿಂದಕ್ಕೆ ತೆಗೆದು ಬರಿಗೈಯಲ್ಲಿ ಸ್ಟೇರಿಂಗ್ ಹಿಡಿದ. ಇಷ್ಟು ದಿನ ಆ ಕಾರು ಹೊಡೆದವನಿಗೆ ಆ ತೊಗಲು ಹೇಗಿದೆ ಎಂದು ಗೊತ್ತಿರಲಿಲ್ಲ. ಮೆತ್ತಗಿತ್ತು. ಬೆರಳಿನ ಕೆಳಗೆ ಅಪ್ಪ ಹಾಕಿದ ಹೊಲಿಗೆಗಳು ಸಾಲಾಗಿ ಹತ್ತಿದವು. ಅವನಿಗೆ ಅಳು ಬಂತು. ಅಳುತ್ತಲೇ, ಹಾರ್ನ್ ಒತ್ತುತ್ತಲೇ ಸಿಂಧನೂರು ಮುಟ್ಟಿಸಿದ.

ದವಾಖಾನೆಯ ಡಾಕ್ಟರು ಹೊರಗೆ ಬಂದು, "ಕೈ ಹೋತಪ್ಪ. ಜೀವ ಉಳೀತು. ಇನ್ನೊಂಚೂರು ತಡ ಆಗಿದ್ರ ಅದೂ ಇರ್ತಿದ್ದಿಲ್ಲ," ಎಂದರು.

ಗದ್ದೆಪ್ಪ ಅವರ ಕಾಲು ಮುಟ್ಟಿದ. ಪೀರ್‌ಬೀಯನ್ನು ಹೆಂಡತಿಯ ಹತ್ತಿರ ಕೂರಿಸಿ, "ಕಾರು ಒಪ್ಪಿಸಿ ಬಂದೆ," ಎಂದು ಹೊರಟ. ಹೋಗಬೇಡ ಎಂದು ಪೀರ್‌ಬೀ ಅಂದಳು. ಕಂಡವರ ಕಾರು ತನ್ನ ಹತ್ತಿರ ಇರಬಾರದು ಎಂಬ ಹೆದರಿಕೆ ಅವನಿಗೆ. ನೀಯತ್ತು ಎನ್ನುವುದು ಬಡವರಿಗೆ ಅಂಟಿದ ಒಂದು ರೋಗ.

ಮಿಲ್ಲಿನಲ್ಲಿ ಇಂಜಿನ್ನು ಮತ್ತೆ ನಡೆಯುತ್ತಿತ್ತು. ಕೆಂಪಾದ ಅಕ್ಕಿ ಬಳಿದು, ಬೇರೆ ಹೆಣ್ಣುಮಕ್ಕಳನ್ನು ಪಟ್ಟಾದ ಕೆಳಗೆ ನಿಲ್ಲಿಸಿದ್ದರು. ಸಾಹುಕಾರರು ಕಾರಿನ ಬಾಗಿಲು ತೆರೆದು ನೋಡಿದರು. ಸ್ಟೇರಿಂಗಿನ ತೊಗಲಿನ ಮೇಲೆ ಹತ್ತೂ ಬೆರಳು ರಕ್ತದಲ್ಲಿ ಮೂಡಿದ್ದವು.

"ಗ್ಲೌಸ್ ಎಲ್ಲಿ ಅವಲೇ?"

ಪಕೀರಮ್ಮ ಬದುಕಿದಳೋ ಸತ್ತಳೋ ಎಂದು ಕೇಳಲಿಲ್ಲ. ಗವಸು ಕೇಳಿದರು.

"ಜಾರಾಕತ್ತಿದ್ವು ಧಣಿ, ಕಾಲುವಿಗಿ ಒಗದೆ. ನನ ಹೆಣತಿ ಜೀವ..."

"ನಿನ್ನ ಹೆಣತಿ ಜೀವ ತಗೊಂಡು ನಾನೇನ್ ಮಾಡ್ಲಿ? ಬರಿಗೈಲೆ ಮುಟ್ಟಬೇಕಂತ ಭಾಳ ಆಸೆ ಇತ್ತಲ್ಲ? ಮುಟ್ಟುವಿಯಂತ ಬಾ."

ಮಾಳಿಂಗಪ್ಪ ಮತ್ತು ಇಬ್ಬರು ಆಳುಗಳು ಅವನನ್ನು ಇಂಜಿನ್ ಕೋಣೆಗೆ ಎಳೆದೊಯ್ದರು. ಕೋಲಿನಿಂದ ಬೆನ್ನು, ಮೊಣಕಾಲು ಬಡಿದರು. ಬಿದ್ದವನನ್ನು ಎತ್ತಿ ನಿಲ್ಲಿಸಿ, ಎರಡೂ ಕೈ ಹಿಡಿದು, ಇಂಜಿನ್ನಿನ ಕಾದ ಹೊಗೆ ಕೊಳವೆಗೆ ಒತ್ತಿ ಹಿಡಿದರು. ನೆನೆದು ಮೆತ್ತಗಾಗಿದ್ದ ಅಂಗೈ ಕೊಳವೆಗೆ ಅಂಟಿತು. ಗದ್ದೆಪ್ಪನ ಕೂಗು ಇಂಜಿನ್ನಿನ ಸದ್ದನ್ನೂ ಮೀರಿ ಕೇರಿಯ ತನಕ ಕೇಳಿತು. ಸಾಹುಕಾರ ಮೂಗಿಗೆ ಪಂಚೆಯ ಅಂಚು ಹಿಡಿದು ಬಾಗಿಲಲ್ಲಿ ನಿಂತಿದ್ದ. ಇಷ್ಟು ಹೊತ್ತು ಅವನಿಗೆ ಬಹುವಚನ ಕೊಟ್ಟದ್ದೇ ಹೆಚ್ಚಾಯಿತು.

ಆದಪ್ಪ ಮಗನನ್ನು ಕರೆದುಕೊಂಡು ಠಾಣೆಗೆ ಹೋದರೆ, ಕಾರು ಕದ್ದನೆಂದು ಗದ್ದೆಪ್ಪನ ಮೇಲೇ ದೂರು ಬಂದಿತ್ತು. "ರಾಜಿ ಮಾಡ್ಕೋರಿ, ಇಲ್ಲಾಂದ್ರ ಒಳಗ ಕೂಡ್ತೀರಿ," ಎಂದು ಪೊಲೀಸರು ತಿರುಗಿ ಕಳಿಸಿದರು.

ಪಕೀರಮ್ಮ ಮೊಂಡು ತೋಳು ಹೊತ್ತು ದವಾಖಾನೆಯಿಂದ ಮನೆಗೆ ಬಂದಳು. ಗದ್ದೆಪ್ಪನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಅವನ ಅವ್ವ ಹುಸೇನಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಒಂದೇ ತಾಟಿನಿಂದ ಅವನಿಗೊಂದು ತುತ್ತು, ಅವಳಿಗೊಂದು ತುತ್ತು ಇಡುತ್ತಿದ್ದಳು. ಈಗ ಯಾರೂ ಕೂಸಿನ ಮಾತು ಆಡಿ ನಗಲಿಲ್ಲ. ಆ ತಾಟು ನೋಡಿದ ಕೇರಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ಮಿಲ್ಲಿಗೆ ಹೋಗುವುದನ್ನು ಬಿಟ್ಟರು. ಯಾರೂ ಸಭೆ ಕರೆದಿರಲಿಲ್ಲ. ಪೀರ್‌ಬೀಯೂ ಹೋಗಲಿಲ್ಲ.

ಅಷ್ಟರಲ್ಲಿ ಮಾಳಿಂಗಪ್ಪ ಕೇರಿಯ ಬಾಯಿಗೆ ಬಂದು ನಿಂತು ಕೂಗಿದ. "ಆದಪ್ಪಾ, ಸಾವ್ಕಾರ್ರು ಕರೀತಾರ. ಆ ಮೈಲಿಗಿ ತೊಗಲು ಕಿತ್ತು, ಹೊಸಾದು ಹೊಲೀಬೇಕಂತ. ಎಳೆಗರುವಿನ ತೊಗಲು ತರಿಸ್ಯಾರ."

ಅದು ಆದಪ್ಪನೇ ಮಾಡಬೇಕಾದ ಕೆಲಸ. ಹಸಿಯಲ್ಲಿ ಹೊಲಿದ ತೊಗಲು ಸುಮ್ಮನೆ ಬಿಚ್ಚಲು ಬರುವುದಿಲ್ಲ. ಮೇಲಾಗಿ ರಕ್ತ ಹತ್ತಿದ ತೊಗಲನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಅದು ಕೇರಿಯ ಪಾಲು. ಆ ದಿನಗಳೆಲ್ಲ ಕಾರು ಅಂಗಳದಲ್ಲೇ ನಿಂತಿತ್ತು. ಸಾಹುಕಾರ ಎತ್ತಿನ ಬಂಡಿಯಲ್ಲಿ ಓಡಾಡುತ್ತಿದ್ದ.

"ಹೋಗಬ್ಯಾಡಪ್ಪೋ," ಎಂದ ಗದ್ದೆಪ್ಪ.

"ನನ್ನ ಕೆಲಸ ಐತಲೇ ಅಲ್ಲಿ," ಎಂದ ಆದಪ್ಪ. ತೊಗಲು ಕೊಯ್ಯುವ ರಂಪಿಗೆಯನ್ನು ಕಲ್ಲಿಗೆ ಮಸೆದ. ಮಸೆಯುವ ಸದ್ದಿಗೆ ಕೇರಿ ಎದ್ದಿತು. ಅವನು ಮುಂದೆ ನಡೆದ. ಹಿಂದೆ ಹುಸೇನಮ್ಮ, ಗದ್ದೆಪ್ಪ, ಪಕೀರಮ್ಮ, ಪೀರ್‌ಬೀ, ಅವರ ಹಿಂದೆ ಇಡೀ ಕೇರಿ.

ಅಂಗಳದಲ್ಲಿ ಅಷ್ಟು ಮಂದಿ ಕಂಡು ಸಾಹುಕಾರ ಕುರ್ಚಿಯಿಂದ ಎದ್ದ. "ಇವರೆಲ್ಲಾ ಯಾಕ ಬಂದಾರಲೇ?"

ಆದಪ್ಪ ಕಾರಿನ ಬಾಗಿಲು ತೆರೆದ. ಗೋಣಿತಾಟು ತೆಗೆದು ಹೊರಗೆ ಒಗೆದು, ಬರಿಯ ಸೀಟಿನ ಮೇಲೆ ಕುಂತ. ರಂಪಿಗೆಯ ತುದಿಯಿಂದ ತನ್ನ ಹೊಲಿಗೆಗಳನ್ನು ತಾನೇ ಕೊಯ್ದ. ತೊಗಲು ಸುಲಿದು ಬಂತು. ಅದನ್ನು ಹಿಡಿದುಕೊಂಡು ಇಳಿದು, ಸಾಹುಕಾರನ ಮನೆಯವರು ಕುಡಿಯುವ ನೀರಿನ ತೊಟ್ಟಿಯಲ್ಲಿ ಅದ್ದಿದ. ನೀರು ಕೆಂಪಾಯಿತು.

"ಏ ಸೂಳೇಮಗನ! ತೊಟ್ಟಿಗೆ ಕೈ ಹಾಕ್ತೀಯಾ?" ಸಾಹುಕಾರ ಹಲ್ಲು ಕಡಿದ. "ಮಾಳಿಂಗಪ್ಪಾ, ಹಾಕು ಇವಂಗ!"

ಮಾಳಿಂಗಪ್ಪ ಕೋಲು ಎತ್ತಿದ. ಏಟು ಆದಪ್ಪನ ನೆತ್ತಿಗೆ ಬಿದ್ದು ರಕ್ತ ಚಿಮ್ಮಿತು. ಎರಡನೆಯ ಏಟು ಬೀಳಲಿಲ್ಲ. ಹುಸೇನಮ್ಮ ಎರಡೂ ಕೈಯಿಂದ ಕೋಲು ಹಿಡಿದು ಜೋತುಬಿದ್ದಳು. ಹೆಣ್ಣುಮಕ್ಕಳು ಮೈಮೇಲೆ ಬಿದ್ದರು. ಪೀರ್‌ಬೀ ಅವನ ಮುಂಗೈ ಕಚ್ಚಿದಳು. ಕೋಲು ಕಿತ್ತುಕೊಂಡು ಅವನನ್ನು ನೆಲಕ್ಕೆ ಕೆಡವಿ ತುಳಿದರು. ಅವನು ಬಾಯ್ತುಂಬ ಮಣ್ಣು ತುಂಬಿಕೊಂಡು ತೆವಳುತ್ತ ಗೇಟಿನ ಕಡೆ ಹೋದ. ಆಳುಗಳು ಮೊದಲೇ ಓಡಿದ್ದರು.

ಆದಪ್ಪ ನೆತ್ತಿಯ ರಕ್ತ ಒರೆಸಿಕೊಳ್ಳಲಿಲ್ಲ. ಕಾರಿನ ನೆರಳಲ್ಲಿ ಕುಂತು, ನೆನೆದ ತೊಗಲನ್ನು ತೊಡೆಯ ಮೇಲೆ ಹಾಸಿ, ಉದ್ದಕ್ಕೆ ಮೂರು ಎಳೆ ಕೊಯ್ದ. ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಹೆಣೆಯತೊಡಗಿದ. ಅವಸರ ಮಾಡಲಿಲ್ಲ.

"ಏನ್ ಮಾಡಾಕತ್ತೀದಿಲೇ? ಹೊಸಾ ತೊಗಲು ಅಲ್ಲೈತಿ," ಎಂದ ಸಾಹುಕಾರ. ಧ್ವನಿ ಮೊದಲಿನಂತಿರಲಿಲ್ಲ.

"ಅದನ್ನ ನೀವ ಹೊಲ್ಕೋರಿ. ಬೇಕಾದ್ರ ಗ್ಲೌಸ್ ಹಾಕ್ಕೊಂಡು ಹೊಲ್ಕೋರಿ," ಎಂದ ಆದಪ್ಪ ತಲೆ ಎತ್ತದೆ. "ಇದು ನನ್ನ ಬೆವರು, ನನ್ನ ಸೊಸಿ ರಕ್ತ, ನನ್ನ ಮಗನ ಕೈ. ನಿಮ್ಮದೇನೂ ಇಲ್ಲ ಇದರಾಗ."

"ಮತ್ತ ಏನದು?"

"ಬಾರುಕೋಲು."

ಹುಸೇನಮ್ಮ ಮಾಳಿಂಗಪ್ಪನ ಕೋಲನ್ನು ಗಂಡನ ಮುಂದೆ ಇಟ್ಟಳು. ಆದಪ್ಪ ಹೆಣೆದ ತೊಗಲನ್ನು ಅದರ ತುದಿಗೆ ಬಿಗಿದು, ಹಲ್ಲಿನಿಂದ ಗಂಟು ಎಳೆದ. ಎದ್ದು ಮಗನ ಕಡೆ ಚಾಚಿದ. ಬಟ್ಟೆ ಸುತ್ತಿದ ಗದ್ದೆಪ್ಪನ ಕೈಗಳು ಮೇಲೆದ್ದವು. ಬೆರಳು ಮಡಚಲಿಲ್ಲ. ಕೋಲು ಜಾರಿ ನೆಲಕ್ಕೆ ಬಿತ್ತು.

ಪಕೀರಮ್ಮ ಬಗ್ಗಿದಳು. ಎಡಗೈಯಿಂದ ಎತ್ತಿಕೊಂಡಳು. ಸಾಹುಕಾರನನ್ನು ನೋಡುತ್ತ ಬೀಸಿದಳು. ಏಟು ಅವನ ಪಕ್ಕದಲ್ಲಿ ಹಾದು ಕಾರಿನ ಮುಂದಿನ ಗಾಜಿಗೆ ಬಿತ್ತು. ಗಾಜು ಬಿರಿಯಿತು. ಸಾಹುಕಾರ ಕುರ್ಚಿ ಕೆಡವಿಕೊಂಡು ಹಿಂದೆ ಸರಿದ.

"ತಪ್ಪಿತಲ್ಲಬೇ," ಎಂದಳು ಹುಸೇನಮ್ಮ.

"ಎಡಗೈ ಅತ್ತಿ," ಎಂದಳು ಪಕೀರಮ್ಮ, ಮತ್ತೆ ಕೋಲು ಎತ್ತುತ್ತ. "ರೂಢಿ ಆಗ್ತೈತಿ."