ಮೇಷ್ಟ್ರು ಕೊಟ್ಟ ಉದಾಹರಣೆಗಳು

“ಸ್ವಲ್ಪ ಓರೆ ಮಾಡಿ, ಬಾಗಿಲಿಗೆ ತಗಲುತ್ತೆ,” ಎನ್ನುತ್ತ ಮಗಳು ಅಪ್ಪನ ದೇಹವಿದ್ದ ಮಂಚವನ್ನು ಎಡಗೈಯಲ್ಲಿ ಹಿಡಿದು ಹಜಾರಕ್ಕೆ ಎಳೆದಳು. ಬೆಳಗಿನಿಂದ ಅವಳ ಕಣ್ಣಲ್ಲಿ ಹನಿ ನೀರಿಲ್ಲ. ಜೀವಮಾನವೆಲ್ಲ ಊರ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದ ಮನುಷ್ಯ ಮನೆಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ದಿನ ಜಾಣೆ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ತಾನು ಅವರ ಕಣ್ಣಿಗೆ ಬಿದ್ದಿದ್ದೆನೋ ಇಲ್ಲವೋ, ಇನ್ನು ಕೇಳುವಂತೆಯೂ ಇಲ್ಲ.

ಮಂಚದ ಇನ್ನೊಂದು ತುದಿ ಹಿಡಿದಿದ್ದ ಬಸ್ ಡ್ರೈವರ್ ಅವಳ ಕೈಯನ್ನೇ ನೋಡಿದ.

“ಮೇಷ್ಟ್ರ ಎಡಚಿ ಮಗಳು ನೀವೇ ಅಲ್ವಾ ಅಮ್ಮಾ?”

“ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ದೆ ಏನು! ನಾವು ಅಡ್ಜೆಕ್ಟಿವ್ ಕಲ್ತಿದ್ದೇ ನಿಮ್ಮಿಂದ.”

*

ಡ್ರೈವರ್ ಹುಡುಗನಾಗಿದ್ದಾಗ, ಅಡ್ಜೆಕ್ಟಿವ್ ಪಾಠದ ದಿನ, ಮೇಷ್ಟ್ರು ಬೋರ್ಡಿನ ಮೇಲೆ ವಿಶೇಷಣದ ಬಗೆಗಳು ಗುಣ, ಪರಿಮಾಣ, ಸಂಖ್ಯೆ ಎಂದು ಬರೆದು ತಿರುಗಿದ್ದರು.

“ಸಾರ್, ಪುಸ್ತಕದಲ್ಲಿ ಕೆಂಪು ಗುಲಾಬಿ ಅಂತಿದೆ,” ಎಂದ ಮುಂದಿನ ಬೆಂಚಿನವನೊಬ್ಬ.

“ಆ ಗುಲಾಬಿನ ನೀನು ನೋಡಿದ್ಯೇನೋ? ನಾನೂ ನೋಡಿಲ್ಲ. ನೋಡಿದ್ದಕ್ಕೇ ವಿಶೇಷಣ ಹಾಕ್ಬೇಕು. ಬರ್ಕೊಳ್ಳಿ.”

ಬರೆಸಿದರು. ನನ್ನ ಮಗಳಿಗೆ ಮೊಂಡು ಮೂಗು. ಅವಳಿಗೆ ಎರಡು ಹಲ್ಲು ಬಂದಿವೆ. ಸ್ವಲ್ಪ ಹಾಲು ಕುಡಿದಳು, ಎಡಗೈಯಿಂದ ಬಹಳ ಹಾಲು ಚೆಲ್ಲಿದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ಗಂಭೀರವಾಗಿ ಮುಂದಿನ ವಾಕ್ಯಕ್ಕೆ ಹೋದರು.

*

“ನಮ್ಮ ಬ್ಯಾಚಿಗೆ ನೀವು ದೊಡ್ಡೋರಾಗಿದ್ರಿ,” ಎಂದಳು ಗೋಡೆಗೊರಗಿ ನಿಂತಿದ್ದ ನರ್ಸ್. “ನೀಲಿ ಸೈಕಲ್ಲು, ತರಚಿದ ಮೊಣಕಾಲು. ಬಿದ್ದು ಅತ್ತು, ಮತ್ತೆ ಹತ್ತಿದ ಹಠಮಾರಿ ಹುಡುಗಿ.”

ಹಿಂದಿದ್ದ ಟೈಲರ್ ಮುಂದೆ ಬಂದ. “ನಮಗೆ ಪ್ರಶ್ನೆ ಕೇಳೋ ವಿಶೇಷಣ ಹೇಳ್ಕೊಟ್ಟಾಗ... ‘ಯಾವ ಗಂಡಸು ನನ್ನ ಮಗಳನ್ನ ಇಷ್ಟು ದಣಿಸಿದ?’ ಅಂತ ಬರ್ಸಿದ್ರು. ಆಮೇಲೆ ಆವತ್ತು ಪಾಠ ಮಾಡ್ಲಿಲ್ಲ.”

ಗಂಡನ ಮನೆಯ ವಿಷಯವನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ತಲೆಯೆತ್ತಿ ಸುತ್ತ ನೋಡಿದಳು. ಹಜಾರ, ಮೆಟ್ಟಿಲು, ಬೀದಿಯ ತುಂಬ ಗುರುತಿಲ್ಲದ ಜನ. ಒಬ್ಬೊಬ್ಬರ ಬಳಿಯೂ ಅವಳ ಒಂದೊಂದು ವಯಸ್ಸು. ಬಾಗಿಲಲ್ಲಿದ್ದ ಮುದುಕನೊಬ್ಬ ಹೆಂಡತಿಗೆ ಅವಳನ್ನು ತೋರಿಸಿ, “ಇವಳೇ ಕಣೇ,” ಎನ್ನುತ್ತಿದ್ದ.

“ವ್ಯಾನ್ ಬಂತು. ಎತ್ತೋಣ್ವಾ ಅಮ್ಮಾ?” ಡ್ರೈವರ್ ಮೆಲ್ಲಗೆ ಕೇಳಿದ.

“ಸ್ವಲ್ಪ ಇರಿ. ನಾನು ಇವರನ್ನ ಸರಿಯಾಗಿ ನೋಡೇ ಇಲ್ಲ.”

ಅವಳು ಮಂಚದ ಪಕ್ಕ ಕುಳಿತಳು. ಹುಬ್ಬಿನೊಳಗೊಂದು ಹಳೆಯ ಗಾಯದ ಗೆರೆ. ಕೆಳದುಟಿಯ ಅಂಚಿನಲ್ಲಿ ಸಣ್ಣ ಮಚ್ಚೆ. ಕಿವಿಯ ಮೇಲೆ ಕತ್ತರಿಗೆ ಸಿಗದೆ ಉಳಿದ ಬಿಳಿ ಕೂದಲು. ಕಣ್ಣು ಮಂಜಾಯಿತು, ಒರೆಸಿಕೊಂಡು ಮತ್ತೆ ಹಣೆಯಿಂದ ಶುರುಮಾಡಿದಳು. ಹೊರಗೆ ವ್ಯಾನಿನವನು ಎಂಜಿನ್ ಆರಿಸಿದ.